ವೈ-ಫೈ ಲಾಗಿನ್ ಎಲ್ಲಿ ನಿಂತಿತು? ಪದರಗಳುಳ್ಳ ಕಚೇರಿ ಜಾಲದಲ್ಲಿ 802.1ಎಕ್ಸ್ ದೋಷ ಪತ್ತೆ

ಕಚೇರಿಯ ವೈ-ಫೈಗೆ ಲ್ಯಾಪ್‌ಟಾಪ್ ಸೇರುತ್ತಿಲ್ಲ ಎಂಬ ದೂರು ಬಂದಾಗ, ದೂರು ಕೊಟ್ಟವರ ಪರದೆಯ ಮೇಲೆ ಕಾಣಿಸಿರುವುದು ‘ಈ ನೆಟ್‌ವರ್ಕ್‌ಗೆ ಸಂಪರ್ಕಿಸಲು ಆಗುತ್ತಿಲ್ಲ’ ಎಂಬ ಒಂದೇ ಸಾಲು. ರೇಡಿಯೊ ಸಂಕೇತ ಕ್ಷೀಣವಾಗಿದ್ದರೂ ಅದೇ ಸಾಲು, ದೃಢೀಕರಣ ಸರ್ವರ್‌ನ ಸರ್ಟಿಫಿಕೇಟ್ (ಗುರುತನ್ನು ಸಾಬೀತುಪಡಿಸುವ ಡಿಜಿಟಲ್ ಪತ್ರ) ಅವಧಿ ಮುಗಿದಿದ್ದರೂ ಅದೇ ಸಾಲು, ಎರಡು ಊರುಗಳ ನಡುವಿನ ಫೈರ್‌ವಾಲ್ ಪ್ಯಾಕೆಟ್‌ಗಳನ್ನು ನುಂಗುತ್ತಿದ್ದರೂ ಅದೇ ಸಾಲು. ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇರುವ ಮನೆಯ ವೈ-ಫೈಯಲ್ಲಿ ತಪ್ಪು ಅಡಗಬಹುದಾದ ಜಾಗ ಎರಡೋ ಮೂರೋ ಇರುತ್ತದೆ. ಪ್ರತಿಯೊಬ್ಬ ಬಳಕೆದಾರನನ್ನೂ ಪ್ರತ್ಯೇಕವಾಗಿ ದೃಢೀಕರಿಸುವ ದೊಡ್ಡ ಜಾಲದಲ್ಲಿ ಒಂದು ಲಾಗಿನ್ ಕನಿಷ್ಠ ಐದಾರು ಉಪಕರಣಗಳ ಮೂಲಕ ಹಾದುಹೋಗುತ್ತದೆ, ಮತ್ತು ಆ ಉಪಕರಣಗಳನ್ನು ನೋಡಿಕೊಳ್ಳುವವರು ಸಾಮಾನ್ಯವಾಗಿ ಬೇರೆ ಬೇರೆ ತಂಡಗಳವರು.

ಹೀಗೆ ಪ್ರತಿಯೊಬ್ಬರನ್ನೂ ಪ್ರತ್ಯೇಕವಾಗಿ ದೃಢೀಕರಿಸುವ ವೈ-ಫೈ ಭದ್ರತಾ ವಿಧಾನಗಳಾದ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಎಂಟರ್‌ಪ್ರೈಸ್ ಬಳಸುವ, ಆಕ್ಸೆಸ್ (ಸಾಧನಗಳು ಜೋಡಿಕೊಳ್ಳುವುದು), ಡಿಸ್ಟ್ರಿಬ್ಯೂಷನ್ (ಅವನ್ನು ಒಟ್ಟುಗೂಡಿಸುವುದು) ಮತ್ತು ಕೋರ್ (ಜಾಲದ ಬೆನ್ನೆಲುಬು) ಎಂಬ ಮೂರು ಪದರಗಳಲ್ಲಿ ಕಟ್ಟಿದ ಜಾಲವನ್ನು ನೋಡಿಕೊಳ್ಳುವವರಿಗಾಗಿ ಈ ಕೈಪಿಡಿಯನ್ನು ಬರೆದಿದ್ದೇನೆ. ಇದರಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಒಂದು ಕ್ರಮವನ್ನು. ಯಾವ ಸೆಟ್ಟಿಂಗ್ ಅನ್ನೂ ಮುಟ್ಟುವ ಮೊದಲು, ಲಾಗಿನ್‌ನ ಮಾತುಕತೆ ಯಾವ ಎರಡು ಉಪಕರಣಗಳ ನಡುವೆ ನಿಂತಿತು ಎಂಬುದನ್ನು ಲಾಗ್ ಮತ್ತು ಪ್ಯಾಕೆಟ್ ಸೆರೆಹಿಡಿತದಿಂದ ಖಚಿತಪಡಿಸಿಕೊಳ್ಳಬೇಕು. ಇದನ್ನು ಬಿಟ್ಟು ಊಹೆಯ ಮೇಲೆ ಕೈಹಾಕಿದರೆ, ‘ಸರ್ಟಿಫಿಕೇಟ್ ಪರಿಶೀಲನೆ ಬೇಡ’ ಎಂಬ ಆಯ್ಕೆಯನ್ನೋ, ಎಲ್ಲ ವಿಲ್ಯಾನ್‌ಗಳಿಗೂ (ಒಂದೇ ಜಾಲದೊಳಗೆ ಬೇರ್ಪಡಿಸಿದ ಉಪಜಾಲಗಳಿಗೂ) ದಾರಿ ಬಿಡುವ ಟ್ರಂಕ್ (ಹಲವು ವಿಲ್ಯಾನ್‌ಗಳನ್ನು ಹೊರುವ ಕೊಂಡಿ) ಅನ್ನೋ ಒತ್ತಡದಲ್ಲಿ ಹಾಕಿ ದೂರನ್ನು ಮುಚ್ಚಿಬಿಡುತ್ತೇವೆ. ದೂರು ಮುಚ್ಚುತ್ತದೆ, ಆದರೆ ತೆರೆದ ಬಾಗಿಲು ವರ್ಷಗಟ್ಟಲೆ ತೆರೆದೇ ಇರುತ್ತದೆ.

ಮಾತುಕತೆ ಸಾಗುವ ದಾರಿ

ಜಾಲದೊಳಗೆ ಬಿಡುವ ಮೊದಲೇ ಗುರುತು ಪರಿಶೀಲಿಸುವ 802.1ಎಕ್ಸ್ ಎಂಬ ವ್ಯವಸ್ಥೆಯಲ್ಲಿ ಮೂರು ಪಾತ್ರಗಳಿವೆ. ಲ್ಯಾಪ್‌ಟಾಪ್ ಅಥವಾ ಫೋನಿನಲ್ಲಿರುವ ಸಪ್ಲಿಕೆಂಟ್ ತನ್ನ ಗುರುತನ್ನು ಹೇಳಿಕೊಳ್ಳುತ್ತದೆ. ಆಕ್ಸೆಸ್ ಪಾಯಿಂಟ್ ಅಥವಾ ವೈರ್‌ಲೆಸ್ ಕಂಟ್ರೋಲರ್ ಅಥೆಂಟಿಕೇಟರ್ ಆಗಿ ನಡುವೆ ನಿಂತು, ಆ ಮಾತನ್ನು ರೇಡಿಯಸ್ ಎಂಬ ದೃಢೀಕರಣ ಶಿಷ್ಟಾಚಾರದ ಪ್ಯಾಕೆಟ್‌ಗಳಲ್ಲಿ ಸುತ್ತಿ ಮುಂದಕ್ಕೆ ಕಳಿಸುತ್ತದೆ. ಡೇಟಾ ಸೆಂಟರ್‌ನಲ್ಲಿರುವ ರೇಡಿಯಸ್ ಸರ್ವರ್ ಹೌದು ಅಥವಾ ಅಲ್ಲ ಎಂದು ತೀರ್ಪು ಕೊಡುತ್ತದೆ. ಗಾಳಿಯಲ್ಲಿ ಸಾಗುವ ಭಾಗಕ್ಕೆ ಐಪಿ ವಿಳಾಸವೇ ಬೇಕಿಲ್ಲ. ಅಥೆಂಟಿಕೇಟರ್‌ನಿಂದ ಸರ್ವರ್‌ವರೆಗಿನ ಭಾಗ ಮಾತ್ರ ಯುಡಿಪಿ 1812ನೇ ಪೋರ್ಟ್‌ನಲ್ಲಿ, ಆಕ್ಸೆಸ್ ಸ್ವಿಚ್, ಡಿಸ್ಟ್ರಿಬ್ಯೂಷನ್ ಸ್ವಿಚ್, ಕೋರ್ ಮತ್ತು ಸರ್ವರ್‌ಗಳ ಮುಂದಿನ ಫೈರ್‌ವಾಲ್‌ಗಳನ್ನು ದಾಟಿ ಹೋಗುವ ಸಾಮಾನ್ಯ ಐಪಿ ಸಂಚಾರ. ಹಾಗಾಗಿ ‘ವೈ-ಫೈ ದೋಷ’ ಎಂದು ಬಂದ ಎಷ್ಟೋ ದೂರುಗಳ ಮೂಲ ತಂತಿಯ ಕಡೆಗೇ ಇರುತ್ತದೆ.

ಅಥೆಂಟಿಕೇಟರ್ ಯಾರು ಎಂಬುದನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ. ಕೇಂದ್ರ ಕಂಟ್ರೋಲರ್ ಇರುವ ವ್ಯವಸ್ಥೆಯಲ್ಲಿ ಆಕ್ಸೆಸ್ ಪಾಯಿಂಟ್‌ಗಳು ಕ್ಯಾಪ್‌ವ್ಯಾಪ್ ಸುರಂಗದ ಮೂಲಕ, ಅಂದರೆ ನಿಯಂತ್ರಣಕ್ಕೆ ಯುಡಿಪಿ 5246 ಮತ್ತು ಡೇಟಾಕ್ಕೆ 5247ರಲ್ಲಿ, ಕಂಟ್ರೋಲರ್‌ಗೆ ಜೋಡಿಕೊಂಡಿರುತ್ತವೆ. ರೇಡಿಯಸ್ ವಿನಂತಿ ಹೊರಡುವುದು ಕಂಟ್ರೋಲರ್‌ನ ಒಂದೇ ವಿಳಾಸದಿಂದ. ಕ್ಲೌಡ್‌ನಿಂದ ನಿರ್ವಹಿಸುವ ವ್ಯವಸ್ಥೆಗಳಲ್ಲಿ ಸಾಮಾನ್ಯವಾಗಿ ಪ್ರತಿ ಆಕ್ಸೆಸ್ ಪಾಯಿಂಟ್ ತಾನೇ ವಿನಂತಿ ಕಳಿಸುತ್ತದೆ. ಈ ವ್ಯತ್ಯಾಸ ತಿಳಿಯದೆ ಫೈರ್‌ವಾಲ್ ನಿಯಮ ಬರೆದವರು, ಹೊಸ ಮಹಡಿಗೆ ಹತ್ತು ಆಕ್ಸೆಸ್ ಪಾಯಿಂಟ್ ಅಳವಡಿಸಿದ ದಿನ ಆ ಮಹಡಿಯವರಿಗೆ ಮಾತ್ರ ಲಾಗಿನ್ ಆಗದೆ ಹೋಗುವುದನ್ನು ಕಾಣುತ್ತಾರೆ.

ನಿರಾಕರಣೆಯೇ, ಮೌನವೇ?

ದೂರು ಬಂದ ಒಂದು ಸಾಧನವನ್ನು ಆರಿಸಿಕೊಂಡು, ಅದರ ಮ್ಯಾಕ್ ವಿಳಾಸ (ಜಾಲದಲ್ಲಿ ಸಾಧನದ ಗುರುತು ಸಂಖ್ಯೆ) ಮತ್ತು ಪ್ರಯತ್ನಿಸಿದ ಸಮಯವನ್ನು ನಿಮಿಷ ಸಮೇತ ಬರೆದುಕೊಳ್ಳಿ. ನಂತರ ರೇಡಿಯಸ್ ಸರ್ವರ್‌ನ ಲಾಗ್ ತೆರೆದು, ಆ ನಿಮಿಷದಲ್ಲಿ ಆ ಸಾಧನದ ಬಗ್ಗೆ ಏನಾದರೂ ದಾಖಲೆ ಇದೆಯೇ ಎಂದು ನೋಡಿ. ಸರ್ವರ್ ನಿರಾಕರಿಸಿದ್ದರೆ ಕಾರಣ ಅಲ್ಲೇ ಬರೆದಿರುತ್ತದೆ. ವಿಂಡೋಸ್ ಸರ್ವರ್‌ನ ರೇಡಿಯಸ್ ಸೇವೆಯಾದ ಎನ್‌ಪಿಎಸ್‌ನಲ್ಲಿ ಒಪ್ಪಿಗೆ 6272, ನಿರಾಕರಣೆ 6273 ಎಂಬ ಈವೆಂಟ್ ಸಂಖ್ಯೆಗಳಲ್ಲಿ ಸೆಕ್ಯುರಿಟಿ ಲಾಗ್‌ಗೆ ಬೀಳುತ್ತವೆ. ನಿರಾಕರಣೆಯ ಕಾರಣ ಸಂಖ್ಯೆ 16 ಆಗಿದ್ದರೆ ಬಳಕೆದಾರನ ವಿವರ ಹೊಂದಿಕೆಯಾಗಿಲ್ಲ, 48 ಆಗಿದ್ದರೆ ವಿನಂತಿಗೆ ಹೊಂದುವ ಯಾವ ನೆಟ್‌ವರ್ಕ್ ಪಾಲಿಸಿಯೂ ಇಲ್ಲ, 22 ಆಗಿದ್ದರೆ ಸಾಧನ ಕೇಳಿದ ಇಎಪಿ (ಗುರುತು ಹೇಳಿಕೊಳ್ಳುವ ಮಾತುಕತೆಯ ಚೌಕಟ್ಟು) ಬಗೆಯನ್ನು ಸರ್ವರ್ ಒಪ್ಪುತ್ತಿಲ್ಲ. ಮುಕ್ತ ತಂತ್ರಾಂಶದ ರೇಡಿಯಸ್ ಸರ್ವರ್ ಆದ ಫ್ರೀರೇಡಿಯಸ್ ಬಳಸುವವರು ಸೇವೆಯನ್ನು ನಿಲ್ಲಿಸಿ, ಡೀಬಗ್ ಸ್ಥಿತಿಯಲ್ಲಿ ಮತ್ತೆ ಚಾಲೂ ಮಾಡಿದರೆ ಪ್ರತಿ ಪ್ಯಾಕೆಟ್‌ನ ಮೇಲೆ ಸರ್ವರ್ ತೆಗೆದುಕೊಂಡ ನಿರ್ಧಾರವನ್ನು ಸಾಲು ಸಾಲಾಗಿ ಓದಬಹುದು. ಕೆಲಸದ ವೇಳೆಯಲ್ಲಿ ಇದನ್ನು ಮಾಡುವುದಾದರೆ ಎರಡನೆಯ ಸರ್ವರ್ ಭಾರ ಹೊರುವ ಸ್ಥಿತಿಯಲ್ಲಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು.

ನಿರಾಕರಣೆ ಒಂದು ಒಳ್ಳೆಯ ಸುದ್ದಿ, ಏಕೆಂದರೆ ಅದರ ಅರ್ಥ ದಾರಿ ಸರಿಯಿದೆ ಎಂದು. ಕಷ್ಟವಾಗುವುದು ಮೌನ. ರೇಡಿಯಸ್ ಶಿಷ್ಟಾಚಾರವನ್ನು ವಿವರಿಸುವ ಆರ್‌ಎಫ್‌ಸಿ 2865ರ ಪ್ರಕಾರ, ಪರಿಚಯವಿಲ್ಲದ ವಿಳಾಸದಿಂದ ಬಂದ ವಿನಂತಿಯನ್ನು ಸರ್ವರ್ ಯಾವ ಉತ್ತರವನ್ನೂ ಕೊಡದೆ ಬಿಟ್ಟುಬಿಡಬೇಕು. ಎರಡೂ ಕಡೆ ಹಂಚಿಕೊಂಡ ರಹಸ್ಯ ಪದ ಹೊಂದಿಕೆಯಾಗದೆ ಇಎಪಿ ವಿನಂತಿಯೊಳಗಿನ ಮೆಸೇಜ್-ಅಥೆಂಟಿಕೇಟರ್ (ಸಂದೇಶ ಅಸಲಿ ಎಂದು ತೋರಿಸುವ ಮುದ್ರೆ) ತಪ್ಪಾಗಿ ಬಂದರೂ ಹಾಗೆಯೇ. ಈ ಎರಡೂ ಸಂದರ್ಭಗಳಲ್ಲಿ ಎನ್‌ಪಿಎಸ್ ಸೆಕ್ಯುರಿಟಿ ಲಾಗ್‌ನಲ್ಲಿ ಏನನ್ನೂ ಬರೆಯುವುದಿಲ್ಲ. ಸಿಸ್ಟಮ್ ಲಾಗ್‌ನಲ್ಲಿ, ಅಪರಿಚಿತ ವಿಳಾಸಕ್ಕೆ 13 ಮತ್ತು ತಪ್ಪು ಮೆಸೇಜ್-ಅಥೆಂಟಿಕೇಟರ್‌ಗೆ 18 ಎಂಬ ಸಂಖ್ಯೆಯ ಈವೆಂಟ್ ಬೀಳುತ್ತದೆ. ಸೆಕ್ಯುರಿಟಿ ಲಾಗ್ ಒಂದನ್ನೇ ನೋಡಿ ‘ಸರ್ವರ್‌ಗೆ ವಿನಂತಿಯೇ ಬಂದಿಲ್ಲ’ ಎಂದು ತೀರ್ಮಾನಿಸಿ, ಫೈರ್‌ವಾಲ್ ತಂಡದ ಜೊತೆ ವಾರಗಟ್ಟಲೆ ವಾದ ಮಾಡಿದವರನ್ನು ನಾನು ಬಲ್ಲೆ. ಹಳೆಯ ಉಪಕರಣಗಳು 1812ರ ಬದಲು 1645ನೇ ಪೋರ್ಟ್‌ಗೆ ವಿನಂತಿ ಕಳಿಸುವಂತೆ ಹೊಂದಿಸಲ್ಪಟ್ಟಿರುವುದೂ ಉಂಟು. ಸರ್ವರ್ ಆ ಪೋರ್ಟ್‌ನಲ್ಲಿ ಕಿವಿಗೊಟ್ಟಿಲ್ಲದಿದ್ದರೆ ಅಲ್ಲಿಯೂ ಮೌನವೇ.

2024ರ ಜುಲೈಯಲ್ಲಿ ಬ್ಲಾಸ್ಟ್-ರೇಡಿಯಸ್ ಎಂಬ ದೌರ್ಬಲ್ಯ ಬಹಿರಂಗವಾದ ಮೇಲೆ ಮೌನಕ್ಕೆ ಇನ್ನೊಂದು ಕಾರಣವೂ ಸೇರಿಕೊಂಡಿದೆ. ರೇಡಿಯಸ್ ಉತ್ತರಗಳ ಅಸಲಿತನವನ್ನು ಎಂಡಿ5 ಎಂಬ ಹ್ಯಾಶ್ ಸೂತ್ರದ ಆಧಾರದ ಮೇಲೆ ಕಾಯುವ ಹಳೆಯ ವಿಧಾನವನ್ನು ದಾರಿಯಲ್ಲಿ ಕುಳಿತ ದಾಳಿಕೋರ ಮುರಿಯಬಹುದೆಂದು ಗೊತ್ತಾದಾಗ, ಎಲ್ಲ ವಿನಂತಿಗಳಲ್ಲೂ ಮೆಸೇಜ್-ಅಥೆಂಟಿಕೇಟರ್ ಇರಲೇಬೇಕೆಂದು ಕೇಳುವ ಸೌಲಭ್ಯವನ್ನು ಸರ್ವರ್ ತಯಾರಕರು ತಂದರು. ಇಎಪಿ ವಿನಂತಿಗಳಲ್ಲಿ ಅದು ಮೊದಲಿನಿಂದಲೂ ಕಡ್ಡಾಯ, ಹಾಗಾಗಿ ವೈ-ಫೈ ಲಾಗಿನ್‌ಗಳಿಗೆ ತೊಂದರೆಯಿಲ್ಲ. ಆದರೆ ಮ್ಯಾಕ್ ವಿಳಾಸದ ಆಧಾರದಲ್ಲಿ ಪ್ರಿಂಟರ್‌ಗಳನ್ನು ಒಳಬಿಡುವ ವಿನಂತಿಗಳು ಹಳೆಯ ಸ್ವಿಚ್‌ಗಳಿಂದ ಅದಿಲ್ಲದೆ ಬರುತ್ತವೆ. ಸರ್ವರ್ ಅಪ್‌ಡೇಟ್ ಆದ ಮರುದಿನ ಲ್ಯಾಪ್‌ಟಾಪ್‌ಗಳೆಲ್ಲ ಸರಿಯಿದ್ದು ಪ್ರಿಂಟರ್‌ಗಳು ಮಾತ್ರ ಮಾಯವಾಗಿದ್ದರೆ ಮೊದಲು ಇದನ್ನೇ ಶಂಕಿಸಿ. ಪರಿಹಾರ ಸ್ವಿಚ್‌ನ ತಂತ್ರಾಂಶವನ್ನು ಹೊಸದಾಗಿಸುವುದು; ಸರ್ವರ್‌ನ ನಿಯಮವನ್ನು ಸಡಿಲಿಸುವುದು ಸ್ವಿಚ್ ಅಪ್‌ಡೇಟ್ ಆಗುವವರೆಗಿನ ಏರ್ಪಾಡು ಮಾತ್ರ ಆಗಿರಬೇಕು, ಅದೂ ಆ ಸ್ವಿಚ್‌ಗಳಿಗಷ್ಟೇ.

ಅರ್ಧದಲ್ಲಿ ಕಡಿಯುವ ಮಾತುಕತೆ

ನಿರಾಕರಣೆಯೂ ಇಲ್ಲದ, ಪೂರ್ತಿ ಮೌನವೂ ಅಲ್ಲದ ಮೂರನೆಯ ಸ್ಥಿತಿ ಒಂದಿದೆ. ಮಾತುಕತೆ ಆರಂಭವಾಗುತ್ತದೆ, ನಾಲ್ಕಾರು ಸುತ್ತು ಸಾಗುತ್ತದೆ, ಆಮೇಲೆ ಕಾರಣ ಹೇಳದೆ ಕಡಿದುಹೋಗುತ್ತದೆ. ನಾನು ಕಂಡ ದೋಷಗಳಲ್ಲಿ ಅತ್ಯಂತ ಹೆಚ್ಚು ದಿನ ಕಾಡಿದ್ದು ಈ ಬಗೆಯದು, ಆದ್ದರಿಂದ ಅದನ್ನು ವಿವರವಾಗಿ ಬರೆಯುತ್ತೇನೆ.

ಬೆಂಗಳೂರಿನಲ್ಲಿ ಮುಖ್ಯ ಕಚೇರಿಯೂ ಹುಬ್ಬಳ್ಳಿಯಲ್ಲಿ ಶಾಖೆಯೂ ಇದ್ದ ಒಂದು ಸಂಸ್ಥೆಯವರು ಪಾಸ್‌ವರ್ಡ್ ಆಧಾರಿತ ಪೀಪ್ ವಿಧಾನವನ್ನು ಬಿಟ್ಟು, ಪ್ರತಿ ಲ್ಯಾಪ್‌ಟಾಪ್‌ಗೂ ಅದರದೇ ಸರ್ಟಿಫಿಕೇಟ್ ಕೊಡುವ ಇಎಪಿ-ಟಿಎಲ್‌ಎಸ್ ವಿಧಾನಕ್ಕೆ ಹೋಗಲು ತೀರ್ಮಾನಿಸಿದ್ದರು. ಬೆಂಗಳೂರಿನಲ್ಲಿ ಪ್ರಯೋಗ ಒಂದೇ ದಿನದಲ್ಲಿ ಯಶಸ್ವಿಯಾಯಿತು. ಹುಬ್ಬಳ್ಳಿಯಲ್ಲಿ ಒಂದು ಲ್ಯಾಪ್‌ಟಾಪ್ ಕೂಡ ಸೇರಲಿಲ್ಲ. ಅದೇ ಲ್ಯಾಪ್‌ಟಾಪ್ ಅನ್ನು ಹಳೆಯ ಪೀಪ್ ವಿಧಾನಕ್ಕೆ ಬದಲಿಸಿದರೆ ತಕ್ಷಣ ಸೇರುತ್ತಿತ್ತು, ಬೆಂಗಳೂರಿಗೆ ತಂದರೆ ಸರ್ಟಿಫಿಕೇಟ್‌ನಿಂದಲೂ ಸೇರುತ್ತಿತ್ತು. ಸರ್ಟಿಫಿಕೇಟ್ ತಪ್ಪಾಗಿದೆ ಎಂದು ಹೇಳುವಂತಿರಲಿಲ್ಲ, ರೇಡಿಯಸ್ ದಾರಿ ಮುಚ್ಚಿದೆ ಎಂದೂ ಹೇಳುವಂತಿರಲಿಲ್ಲ. ಎನ್‌ಪಿಎಸ್ ಲಾಗ್‌ನಲ್ಲಿ ಒಪ್ಪಿಗೆಯೂ ಇಲ್ಲ, ನಿರಾಕರಣೆಯೂ ಇಲ್ಲ.

ಎರಡೂ ತುದಿಗಳಲ್ಲಿ ಒಂದೇ ಹೊತ್ತಿಗೆ ಪ್ಯಾಕೆಟ್‌ಗಳನ್ನು ಸೆರೆಹಿಡಿದಾಗ ಚಿತ್ರ ತಿಳಿಯಾಯಿತು. ಇಎಪಿ-ಟಿಎಲ್‌ಎಸ್‌ನಲ್ಲಿ ಸರ್ವರ್ ತನ್ನ ಸರ್ಟಿಫಿಕೇಟ್ ಕಳಿಸಿದ ಮೇಲೆ ಲ್ಯಾಪ್‌ಟಾಪ್ ತನ್ನ ಸರ್ಟಿಫಿಕೇಟ್ ಅನ್ನು, ಹಲವು ಬಾರಿ ನಡುವಿನ ಸಹಿದಾರರ (ಸರ್ಟಿಫಿಕೇಟ್‌ಗೆ ಸಹಿ ಹಾಕಿ ಕೊಡುವವರ) ಸರ್ಟಿಫಿಕೇಟ್ ಸಮೇತ, ಕಳಿಸಬೇಕು. ಅದು ದೊಡ್ಡದಾದ್ದರಿಂದ ಸಪ್ಲಿಕೆಂಟ್ ಅದನ್ನು ತುಂಡು ಮಾಡಿ ಕಳಿಸುತ್ತದೆ, ಆದರೆ ವಿಂಡೋಸ್‌ನ ಒಂದೊಂದು ತುಂಡು ಈಥರ್ನೆಟ್‌ನ 1500 ಬೈಟ್ ಮಿತಿಯ ಸಮೀಪಕ್ಕೆ ಬರುತ್ತದೆ. ರೇಡಿಯಸ್‌ನ ಒಂದು ಆಟ್ರಿಬ್ಯೂಟ್ (ಪ್ಯಾಕೆಟ್‌ನೊಳಗಿನ ಮಾಹಿತಿಯ ಖಾನೆ) 253 ಬೈಟ್‌ಗಿಂತ ಹೆಚ್ಚು ಮಾಹಿತಿ ಹೊರಲಾರದು. ಹಾಗಾಗಿ ಅಥೆಂಟಿಕೇಟರ್ ಆ ತುಂಡನ್ನು ಐದಾರು ಆಟ್ರಿಬ್ಯೂಟ್‌ಗಳಲ್ಲಿ ಹಂಚಿ, ಬಳಕೆದಾರನ ಹೆಸರು, ಎಸ್‌ಎಸ್‌ಐಡಿ (ವೈ-ಫೈ ಜಾಲದ ಹೆಸರು), ತನ್ನ ಗುರುತು ಮೊದಲಾದವನ್ನೂ ಸೇರಿಸಿ, ಯುಡಿಪಿ ಮತ್ತು ಐಪಿ ಶಿರೋಭಾಗಗಳನ್ನು ಹೊದಿಸುವ ಹೊತ್ತಿಗೆ ಪ್ಯಾಕೆಟ್ 1500 ಬೈಟ್ ಮೀರಿಬಿಡುತ್ತದೆ. ಆಗ ಐಪಿ ಮಟ್ಟದಲ್ಲಿ ಅದು ಎರಡಾಗಿ ಒಡೆಯುತ್ತದೆ. ಮೊದಲ ಹೋಳಿನಲ್ಲಿ ಮಾತ್ರ ಪೋರ್ಟ್ ಸಂಖ್ಯೆ ಇರುತ್ತದೆ. ಎರಡನೆಯ ಹೋಳು 1812ಕ್ಕೆ ಸೇರಿದ್ದು ಎಂದು ಹೇಳುವ ಯಾವ ಗುರುತೂ ಅದರಲ್ಲಿ ಇರುವುದಿಲ್ಲ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ಐಪಿಸೆಕ್ ಎಂಬ ಗೂಢಲಿಪೀಕೃತ ಸುರಂಗದ ತುದಿಯಲ್ಲಿದ್ದ ಫೈರ್‌ವಾಲ್, ಇಂಥ ಹೋಳುಗಳನ್ನು ತಿರಸ್ಕರಿಸುವಂತೆ ಹೊಂದಿಸಲ್ಪಟ್ಟಿತ್ತು. ಅರ್ಧ ಪ್ಯಾಕೆಟ್ ಸರ್ವರ್‌ನ ಮೇಲಿನ ಪದರಕ್ಕೆ ಏರುವುದೇ ಇಲ್ಲ, ಆದ್ದರಿಂದ ಲಾಗ್‌ನಲ್ಲಿ ಬರೆಯಲು ಏನೂ ಉಳಿಯುವುದಿಲ್ಲ.

ಪೀಪ್ ಏಕೆ ಕೆಲಸ ಮಾಡುತ್ತಿತ್ತು ಎಂಬುದಕ್ಕೂ ಇಲ್ಲಿಯೇ ಉತ್ತರವಿದೆ. ಪೀಪ್‌ನಲ್ಲಿ ದೊಡ್ಡ ಸರ್ಟಿಫಿಕೇಟ್ ಸಾಗುವುದು ಸರ್ವರ್‌ನಿಂದ ಲ್ಯಾಪ್‌ಟಾಪ್ ಕಡೆಗೆ ಮಾತ್ರ. ಲ್ಯಾಪ್‌ಟಾಪ್ ಕಳಿಸುವುದೆಲ್ಲ ಸಣ್ಣ ಪ್ಯಾಕೆಟ್‌ಗಳು. ಆದ್ದರಿಂದ ‘ಪೀಪ್ ಆಗುತ್ತದೆ, ಟಿಎಲ್‌ಎಸ್ ಆಗುವುದಿಲ್ಲ, ಅದೂ ದೂರದ ಶಾಖೆಯಲ್ಲಿ ಮಾತ್ರ’ ಎಂಬ ಮೂರು ಮಾತು ಒಟ್ಟಿಗೆ ಕೇಳಿಬಂದರೆ, ಲ್ಯಾಪ್‌ಟಾಪ್‌ನಿಂದ ಸರ್ವರ್ ಕಡೆಗಿನ ದಾರಿಯಲ್ಲಿ ಹೋಳುಗಳು ಸಾಯುತ್ತಿವೆಯೇ ಎಂದು ಮೊದಲು ನೋಡಬೇಕು. ಶಾಖೆಯಿಂದ ಸರ್ವರ್‌ಗೆ, ಒಡೆಯಬಾರದೆಂಬ ಸೂಚನೆಯೊಡನೆ 1472 ಬೈಟ್‌ಗಳ ಪಿಂಗ್ ಕಳಿಸಿದರೆ, 28 ಬೈಟ್‌ಗಳ ಶಿರೋಭಾಗ ಸೇರಿ ಸರಿಯಾಗಿ 1500 ಆಗುತ್ತದೆ. ಅದು ಹೋಗದೆ ಕಡಿಮೆ ಗಾತ್ರದ್ದು ಹೋದರೆ ದಾರಿಯ ಎಂಟಿಯು (ಒಡೆಯದೆ ಸಾಗಬಲ್ಲ ಪ್ಯಾಕೆಟ್‌ನ ಗರಿಷ್ಠ ಗಾತ್ರ) 1500ಕ್ಕಿಂತ ಕಡಿಮೆ ಇದೆ ಎಂದು ತಿಳಿಯುತ್ತದೆ. ಆ ಸೂಚನೆಯಿಲ್ಲದೆ 2000 ಬೈಟ್‌ಗಳ ಪಿಂಗ್ ಕಳಿಸಿ ಉತ್ತರ ಬಾರದಿದ್ದರೆ ಹೋಳುಗಳು ತಡೆಯಲ್ಪಡುತ್ತಿವೆ ಎಂಬ ಸಂದೇಹ ಬಲವಾಗುತ್ತದೆ. ಆದರೂ ಪಿಂಗ್‌ಗೂ ಯುಡಿಪಿಗೂ ಫೈರ್‌ವಾಲ್ ಬೇರೆ ಬೇರೆ ನಿಯಮ ಅನ್ವಯಿಸಬಹುದಾದ್ದರಿಂದ, ಕೊನೆಯ ಸಾಕ್ಷ್ಯ ಎರಡೂ ತುದಿಯ ಸೆರೆಹಿಡಿತವೇ.

ಪರಿಹಾರದ ವಿಷಯದಲ್ಲಿ ಒಂದು ತಪ್ಪು ಗ್ರಹಿಕೆ ವ್ಯಾಪಕವಾಗಿದೆ. ಎನ್‌ಪಿಎಸ್ ಪಾಲಿಸಿಯಲ್ಲಿ ಫ್ರೇಮ್ಡ್-ಎಂಟಿಯು ಎಂಬ ಆಟ್ರಿಬ್ಯೂಟ್ ಅನ್ನು 1344 ಅಥವಾ ಅದಕ್ಕಿಂತ ಕಡಿಮೆಗೆ ಇಳಿಸಬೇಕೆಂಬ ಮೈಕ್ರೋಸಾಫ್ಟ್‌ನ ಸಲಹೆ ಸರಿಯಾದದ್ದೇ, ಆದರೆ ಅದು ಸರ್ವರ್ ಕಳಿಸುವ ತುಂಡುಗಳ ಗಾತ್ರವನ್ನು ಕುಗ್ಗಿಸುತ್ತದೆ. ಲ್ಯಾಪ್‌ಟಾಪ್ ಕಳಿಸುವ ತುಂಡುಗಳಿಗೆ ಅದರಿಂದ ಪ್ರಯೋಜನವಿಲ್ಲ. ಲಿನಕ್ಸ್‌ನ ಸಪ್ಲಿಕೆಂಟ್‌ನಲ್ಲಿ ತುಂಡಿನ ಗಾತ್ರವನ್ನು ನಾವೇ ಹೊಂದಿಸಬಹುದು, ಮತ್ತು ಅದರ ಸಹಜ ಗಾತ್ರವೇ 1398 ಬೈಟ್. ವಿಂಡೋಸ್ ಲ್ಯಾಪ್‌ಟಾಪ್‌ಗಳೇ ಹೆಚ್ಚಿರುವ ಕಚೇರಿಯಲ್ಲಿ ಉಳಿದ ದಾರಿ ಎರಡು. ಮೊದಲನೆಯದು, ಫೈರ್‌ವಾಲ್ ಹೋಳುಗಳನ್ನು ಜೋಡಿಸಿ, ಪರಿಶೀಲಿಸಿ, ನಂತರ ಮುಂದೆ ಬಿಡುವಂತೆ ಮಾಡುವುದು. ಅದನ್ನು ಆ ಶಾಖೆಯ ಅಥೆಂಟಿಕೇಟರ್ ವಿಳಾಸಗಳಿಗೂ ರೇಡಿಯಸ್ ಸರ್ವರ್‌ಗೂ ಮಾತ್ರ ಸೀಮಿತಗೊಳಿಸುವುದು. ನಾವು ಮಾಡಿದ್ದು ಇದನ್ನೇ. ಎರಡನೆಯದು, ರೇಡಿಯಸ್ ಅನ್ನು ಟಿಎಲ್‌ಎಸ್ ಒಳಗೆ ಸಾಗಿಸುವ ರಾಡ್‌ಸೆಕ್. ಅದು ಟಿಸಿಪಿ 2083ರಲ್ಲಿ ಸಾಗುವುದರಿಂದ ಹೋಳಾಗುವ ತೊಂದರೆಯೇ ಹುಟ್ಟುವುದಿಲ್ಲ, ಜೊತೆಗೆ ದಾರಿಯುದ್ದಕ್ಕೂ ಗೂಢಲಿಪೀಕರಣವೂ ಸಿಗುತ್ತದೆ. ಹೊಸದಾಗಿ ಜಾಲ ಕಟ್ಟುವವರಿಗೆ, ಉಪಕರಣಗಳು ಬೆಂಬಲಿಸುವುದಾದರೆ, ನಾನು ರಾಡ್‌ಸೆಕ್ ಅನ್ನೇ ಸೂಚಿಸುತ್ತೇನೆ.

ಸರ್ಟಿಫಿಕೇಟ್ ಒಪ್ಪದಿದ್ದಾಗ

ಇಲ್ಲಿ ಎರಡು ದಿಕ್ಕಿನ ನಂಬಿಕೆಗಳನ್ನು ಬೇರೆ ಬೇರೆಯಾಗಿ ನೋಡಬೇಕು: ಲ್ಯಾಪ್‌ಟಾಪ್ ಸರ್ವರ್‌ನ ಸರ್ಟಿಫಿಕೇಟ್ ಅನ್ನು ಒಪ್ಪುವುದು ಒಂದು, ಸರ್ವರ್ ಲ್ಯಾಪ್‌ಟಾಪ್‌ನ ಸರ್ಟಿಫಿಕೇಟ್ ಅನ್ನು ಒಪ್ಪುವುದು ಇನ್ನೊಂದು. ಒಂದು ದಿನ ಬೆಳಿಗ್ಗೆ ಎಲ್ಲ ಕಟ್ಟಡಗಳಲ್ಲೂ ಎಲ್ಲರಿಗೂ ಒಟ್ಟಿಗೆ ಲಾಗಿನ್ ನಿಂತಿದ್ದರೆ ಮೊದಲನೆಯದೇ ಕಾರಣವಾಗಿರುವ ಸಂಭವ ಹೆಚ್ಚು. ಸರ್ವರ್‌ನ ಸರ್ಟಿಫಿಕೇಟ್ ಅವಧಿ ಹಿಂದಿನ ರಾತ್ರಿ ಮುಗಿದಿರಬಹುದು, ಅಥವಾ ಅದನ್ನು ನವೀಕರಿಸುವಾಗ ಬೇರೆ ಸಹಿದಾರರಿಂದ ಪಡೆದಿರಬಹುದು. ಬಾಹ್ಯ ಸಹಿದಾರರಿಂದ ಸರ್ಟಿಫಿಕೇಟ್ ಕೊಳ್ಳುವ ಸಂಸ್ಥೆಗಳಿಗೆ ಈ ತೊಂದರೆ ಹೆಚ್ಚುತ್ತಲೇ ಹೋಗುತ್ತದೆ. ಸಾರ್ವಜನಿಕ ಸರ್ಟಿಫಿಕೇಟ್‌ಗಳ ಗರಿಷ್ಠ ಅವಧಿಯನ್ನು 2020ರಲ್ಲಿ 398 ದಿನಗಳಿಗೆ ಇಳಿಸಲಾಯಿತು. 2025ರಲ್ಲಿ ಆದ ತೀರ್ಮಾನದಂತೆ ಅದು 2026ರ ಮಾರ್ಚ್‌ನಿಂದ 200 ದಿನ, 2027ರ ಮಾರ್ಚ್‌ನಿಂದ 100 ದಿನ, 2029ರ ಮಾರ್ಚ್‌ನಿಂದ 47 ದಿನ ಆಗಬೇಕಿದೆ. ಸಂಸ್ಥೆಯ ಒಳಗಿನ ಸ್ವಂತ ಸಹಿದಾರ ವ್ಯವಸ್ಥೆಯಿಂದಲೇ ರೇಡಿಯಸ್ ಸರ್ವರ್‌ಗೆ ಸರ್ಟಿಫಿಕೇಟ್ ಕೊಟ್ಟು, ಅದರ ಮೂಲವನ್ನು ಎಲ್ಲ ಸಾಧನಗಳಿಗೂ ಮೊದಲೇ ತಲುಪಿಸಿಡುವುದು ಈ ಕಾರಣಕ್ಕೂ ಉತ್ತಮ. ಹೊರಗಿನವರಿಂದ ಕೊಂಡ ಸರ್ಟಿಫಿಕೇಟ್ ಇದ್ದಾಗ, ಅದೇ ಸಹಿದಾರರಿಂದ ಸರ್ಟಿಫಿಕೇಟ್ ಪಡೆದ ಯಾರನ್ನು ಬೇಕಾದರೂ ಸಾಧನ ನಂಬಬಹುದಾದ ಅಪಾಯವಿರುವುದರಿಂದ, ಸರ್ವರ್‌ನ ಹೆಸರನ್ನೂ ಪರಿಶೀಲಿಸುವಂತೆ ಪ್ರೊಫೈಲ್‌ನಲ್ಲಿ ಬರೆಯಲೇಬೇಕು.

ಫೋನ್‌ಗಳಲ್ಲಿ ಮಾತ್ರ ತೊಂದರೆ ಇದ್ದರೆ ಆಂಡ್ರಾಯ್ಡ್ ಆವೃತ್ತಿಯನ್ನು ಕೇಳಿ. 2020ರ ಕೊನೆಯಲ್ಲಿ ಆಂಡ್ರಾಯ್ಡ್ 11ಕ್ಕೆ ಬಂದ ಅಪ್‌ಡೇಟ್‌ನಿಂದ ‘ಪರಿಶೀಲಿಸಬೇಡ’ ಎಂಬ ಆಯ್ಕೆ ತೆಗೆದುಹಾಕಲ್ಪಡಲು ಆರಂಭವಾಯಿತು. ಅಲ್ಲಿಯವರೆಗೆ ಆ ಆಯ್ಕೆಯನ್ನೇ ಒತ್ತಲು ಸಿಬ್ಬಂದಿಗೆ ಸೂಚನೆ ಕೊಡುತ್ತಿದ್ದ ಕಚೇರಿಗಳಲ್ಲಿ ಹೊಸ ಫೋನ್‌ಗಳು ಸೇರದೆ ಹೋದವು. ಇದನ್ನು ಫೋನಿನ ದೋಷ ಎಂದು ಬರೆದುಕೊಳ್ಳುವುದು ತಪ್ಪು. ಜಾಲದ ಕಡೆಯ ಹಳೆಯ ದೋಷವನ್ನು ಫೋನು ತೋರಿಸಿಕೊಟ್ಟಿದೆ ಅಷ್ಟೆ.

ಒಂದೇ ಒಂದು ಲ್ಯಾಪ್‌ಟಾಪ್ ಸೇರುತ್ತಿಲ್ಲವಾದರೆ ಬೇರೆಲ್ಲಕ್ಕಿಂತ ಮೊದಲು ಅದರ ಗಡಿಯಾರ ನೋಡಿ. ಮದರ್‌ಬೋರ್ಡ್‌ನ ಬ್ಯಾಟರಿ ಸತ್ತು ದಿನಾಂಕ ವರ್ಷಗಳ ಹಿಂದಕ್ಕೆ ಹೋಗಿದ್ದರೆ, ಅದರ ಕಣ್ಣಿಗೆ ಎಲ್ಲ ಸರ್ಟಿಫಿಕೇಟ್‌ಗಳೂ ಇನ್ನೂ ಜಾರಿಗೆ ಬಂದಿಲ್ಲದವೇ. ಎರಡನೆಯ ದಿಕ್ಕಿನಲ್ಲಿ, ಒಂದು ಗುಂಪಿನ ಲ್ಯಾಪ್‌ಟಾಪ್‌ಗಳು ಮಾತ್ರ ನಿರಾಕರಿಸಲ್ಪಡುತ್ತಿದ್ದು, ಎನ್‌ಪಿಎಸ್ ಕಾರಣ ಸಂಖ್ಯೆ 16 ತೋರಿಸುತ್ತಿದ್ದರೆ, ಸಂಸ್ಥೆಯ ಖಾತೆಗಳನ್ನು ನೋಡಿಕೊಳ್ಳುವ ಡೊಮೈನ್ ಕಂಟ್ರೋಲರ್‌ನ ಸಿಸ್ಟಮ್ ಲಾಗ್‌ನಲ್ಲಿ 39ನೇ ಸಂಖ್ಯೆಯ ಈವೆಂಟ್ ಹುಡುಕಿ. ಸರ್ಟಿಫಿಕೇಟ್ ಮತ್ತು ಖಾತೆಯ ನಡುವೆ ಬಲವಾದ ನಂಟು ಇರಬೇಕೆಂದು ಮೈಕ್ರೋಸಾಫ್ಟ್ 2022ರ ಮೇ ತಿಂಗಳ ಭದ್ರತಾ ಅಪ್‌ಡೇಟ್‌ನಲ್ಲಿ ತಂದ ನಿಯಮ 2025ರ ಫೆಬ್ರವರಿಯಿಂದ ಸಹಜ ಸ್ಥಿತಿಯಾಗಿ ಜಾರಿಯಾಯಿತು. ಖಾತೆಯ ಭದ್ರತಾ ಗುರುತು ಇಲ್ಲದೆ, ಮುಖ್ಯವಾಗಿ ಮೊಬೈಲ್ ನಿರ್ವಹಣಾ ವ್ಯವಸ್ಥೆಯ ಮೂಲಕ ಹಿಂದೆ ಹಂಚಿದ ಸರ್ಟಿಫಿಕೇಟ್‌ಗಳು ಅಂದಿನಿಂದ ನಿಂತುಹೋದವು. ಅವುಗಳನ್ನು ಆ ಗುರುತಿನೊಡನೆ ಹೊಸದಾಗಿ ಹಂಚುವುದೇ ಪರಿಹಾರ.

ರದ್ದಾದ ಸರ್ಟಿಫಿಕೇಟ್‌ಗಳ ಪಟ್ಟಿಯನ್ನು ರೇಡಿಯಸ್ ಸರ್ವರ್ ತಲುಪಲಾಗದಿದ್ದರೂ ಎನ್‌ಪಿಎಸ್ ಎಲ್ಲರನ್ನೂ ನಿರಾಕರಿಸುತ್ತದೆ. ಆ ಪಟ್ಟಿ ಇರುವ ವೆಬ್ ಸರ್ವರ್ ನಿಂತಿದೆಯೇ, ಪಟ್ಟಿಯ ಅವಧಿ ಮುಗಿದಿದೆಯೇ ಎಂದು ನೋಡಬೇಕು. ಪರಿಶೀಲನೆಯನ್ನೇ ನಿಲ್ಲಿಸಿದರೆ ಕಳುವಾದ ಲ್ಯಾಪ್‌ಟಾಪ್ ಕೂಡ ಒಳಬರುತ್ತದೆ.

ಒಪ್ಪಿಗೆ ಸಿಕ್ಕಿದೆ, ಐಪಿ ವಿಳಾಸ ಸಿಗುತ್ತಿಲ್ಲ

ಸರ್ವರ್ ಲಾಗ್‌ನಲ್ಲಿ ಒಪ್ಪಿಗೆ ಸ್ಪಷ್ಟವಾಗಿದ್ದು, ಲ್ಯಾಪ್‌ಟಾಪ್‌ಗೆ 169.254ರಿಂದ ಆರಂಭವಾಗುವ ವಿಳಾಸ (ಯಾರೂ ವಿಳಾಸ ಕೊಡದಾಗ ಸಾಧನ ತಾನೇ ಹಾಕಿಕೊಳ್ಳುವುದು) ಬಂದಿದ್ದರೆ, ದೃಢೀಕರಣದ ಹಂತ ಮುಗಿದು ದೋಷ ಸ್ವಿಚ್‌ಗಳ ಪದರಕ್ಕೆ ಇಳಿದಿದೆ ಎಂದರ್ಥ. ಇಲ್ಲಿ ಪಾಸ್‌ವರ್ಡ್ ಬದಲಿಸುವುದು, ಪ್ರೊಫೈಲ್ ಅಳಿಸಿ ಮತ್ತೆ ಹಾಕುವುದು ಎಲ್ಲವೂ ವ್ಯರ್ಥ.

ಬಳಕೆದಾರರ ಗುಂಪಿಗೆ ತಕ್ಕಂತೆ ವಿಲ್ಯಾನ್ ಹಂಚುವ ಜಾಲದಲ್ಲಿ ಸರ್ವರ್ ತನ್ನ ಒಪ್ಪಿಗೆಯ ಜೊತೆ ಮೂರು ಆಟ್ರಿಬ್ಯೂಟ್‌ಗಳನ್ನು ಕಳಿಸುತ್ತದೆ: ಟನಲ್-ಟೈಪ್ 13, ಟನಲ್-ಮೀಡಿಯಂ-ಟೈಪ್ 6, ಮತ್ತು ವಿಲ್ಯಾನ್‌ನ ಸಂಖ್ಯೆ ಅಥವಾ ಹೆಸರು. ಮೂರರಲ್ಲಿ ಒಂದು ಬಿಟ್ಟುಹೋದರೂ ಹಲವು ಉಪಕರಣಗಳು ಸದ್ದಿಲ್ಲದೆ ಎಸ್‌ಎಸ್‌ಐಡಿಯ ಸಹಜ ವಿಲ್ಯಾನ್‌ಗೆ ಸಾಧನವನ್ನು ಹಾಕಿಬಿಡುತ್ತವೆ. ವಿಲ್ಯಾನ್ ಸರಿಯಾಗಿ ಬಂದಿದ್ದರೆ ಅದು ದಾರಿಯ ಪ್ರತಿ ಸ್ವಿಚ್‌ನಲ್ಲೂ ಸೃಷ್ಟಿಯಾಗಿದೆಯೇ, ಆಕ್ಸೆಸ್ ಸ್ವಿಚ್‌ನಿಂದ ಡಿಸ್ಟ್ರಿಬ್ಯೂಷನ್ ಸ್ವಿಚ್‌ಗೆ ಹೋಗುವ ಟ್ರಂಕ್‌ನ ಅನುಮತಿ ಪಟ್ಟಿಯಲ್ಲಿದೆಯೇ ಎಂದು ನೋಡಬೇಕು. ಇಲ್ಲಿ ಒಂದು ಎಚ್ಚರಿಕೆ: ಬಳಕೆದಾರರ ಡೇಟಾ ಕ್ಯಾಪ್‌ವ್ಯಾಪ್ ಸುರಂಗದಲ್ಲಿ ಕಂಟ್ರೋಲರ್‌ವರೆಗೆ ಹೋಗುವ ವ್ಯವಸ್ಥೆಯಲ್ಲಿ ಆ ವಿಲ್ಯಾನ್ ಇರಬೇಕಾದದ್ದು ಕಂಟ್ರೋಲರ್‌ನ ಟ್ರಂಕ್‌ನಲ್ಲಿ. ಆಕ್ಸೆಸ್ ಪಾಯಿಂಟ್‌ನ ಪೋರ್ಟ್‌ಗೆ ಅದನ್ನು ಸೇರಿಸುವುದರಿಂದ ದೋಷ ಪರಿಹಾರವಾಗುವುದಿಲ್ಲ. ಯಾರಾದರೂ ಆ ಆಕ್ಸೆಸ್ ಪಾಯಿಂಟ್‌ನ ಕೇಬಲ್ ಕಿತ್ತು ತಮ್ಮ ಲ್ಯಾಪ್‌ಟಾಪ್‌ಗೆ ಚುಚ್ಚಿದರೆ ಒಳಗಿನ ವಿಲ್ಯಾನ್‌ಗಳಿಗೆ ದಾರಿ ಸಿಗುವಂತಾಗುತ್ತದೆ.

ವಿಲ್ಯಾನ್ ತಲುಪುತ್ತಿದ್ದೂ ವಿಳಾಸ ಬರುತ್ತಿಲ್ಲವಾದರೆ, ಅದೇ ವಿಲ್ಯಾನ್‌ಗೆ ಒಂದು ತಂತಿಯ ಪೋರ್ಟ್ ಹೊಂದಿಸಿ ಲ್ಯಾಪ್‌ಟಾಪ್ ಜೋಡಿಸಿ ನೋಡುವುದು ಅತ್ಯಂತ ಬೇಗ ಉತ್ತರ ಕೊಡುವ ಪರೀಕ್ಷೆ. ತಂತಿಯಲ್ಲೂ ವಿಳಾಸ ಬಾರದಿದ್ದರೆ ವೈರ್‌ಲೆಸ್ ಅನ್ನು ಬಿಟ್ಟು, ಡಿಸ್ಟ್ರಿಬ್ಯೂಷನ್ ಸ್ವಿಚ್‌ನಲ್ಲಿ ಆ ವಿಲ್ಯಾನ್‌ನ ಗೇಟ್‌ವೇ ಮೇಲೆ ಡಿಎಚ್‌ಸಿಪಿ ರಿಲೇ (ಐಪಿ ವಿಳಾಸ ಹಂಚುವ ಸರ್ವರ್‌ಗೆ ವಿನಂತಿಯನ್ನು ದಾಟಿಸುವ ಏರ್ಪಾಡು) ಇದೆಯೇ, ವಿಳಾಸಗಳ ಕಣಜ ಖಾಲಿಯಾಗಿದೆಯೇ ಎಂದು ನೋಡಬೇಕು. /24 ಜಾಲದಲ್ಲಿ ಇರುವುದು 254 ವಿಳಾಸಗಳು ಮಾತ್ರ. ವಿಂಡೋಸ್ ಡಿಎಚ್‌ಸಿಪಿ ಸರ್ವರ್‌ನ ಸಹಜ ಗೇಣಿ ಅವಧಿ, ಅಂದರೆ ಒಂದು ವಿಳಾಸ ಒಂದೇ ಸಾಧನಕ್ಕೆ ಮೀಸಲಿರುವ ಕಾಲ, ಎಂಟು ದಿನ. ದಿನವೂ ಹೊಸ ಅತಿಥಿಗಳು ಬರುವ ವಿಲ್ಯಾನ್‌ನಲ್ಲಿ ಸೋಮವಾರ ಸರಿಯಿದ್ದ ವ್ಯವಸ್ಥೆ ಗುರುವಾರ ನಿಲ್ಲುವುದಕ್ಕೆ ಇಷ್ಟು ಸಾಕು. ನಕಲಿ ಡಿಎಚ್‌ಸಿಪಿ ಸರ್ವರ್‌ಗಳನ್ನು ತಡೆಯಲು ಸ್ನೂಪಿಂಗ್ ಹಾಕಿ, ಮೇಲಿನ ಸ್ವಿಚ್‌ಗೆ ಹೋಗುವ ಪೋರ್ಟ್ ಅನ್ನು ನಂಬಿಕಸ್ಥ ಎಂದು ಗುರುತಿಸಲು ಮರೆತಿದ್ದರೂ ಇದೇ ಲಕ್ಷಣ ಕಾಣುತ್ತದೆ. ಆಕ್ಸೆಸ್ ಪಾಯಿಂಟ್ ಬಳಕೆದಾರರ ಡೇಟಾವನ್ನು ಅಲ್ಲೇ ಸ್ವಿಚ್‌ಗೆ ಇಳಿಸುವ ವ್ಯವಸ್ಥೆಯಲ್ಲಿ, ಪೋರ್ಟ್ ಸೆಕ್ಯುರಿಟಿಯ ಮಿತಿ ಒಂದೇ ಮ್ಯಾಕ್ ವಿಳಾಸಕ್ಕೆ ನಿಂತಿದ್ದರೆ, ಮೊದಲ ಬಳಕೆದಾರ ಸೇರುತ್ತಿದ್ದಂತೆಯೇ ಇಡೀ ಪೋರ್ಟ್ ಮುಚ್ಚಿಹೋಗಿ ಆಕ್ಸೆಸ್ ಪಾಯಿಂಟ್ ಕೂಡ ಸಾಯುತ್ತದೆ.

ಉಳಿದ ಕೆಲವು

ಹಳೆಯ ಸಾಧನಗಳಿಗೆ ಮಾತ್ರ ಎಸ್‌ಎಸ್‌ಐಡಿ ಕಂಡೂ ಸೇರಲಾಗದಿದ್ದರೆ, ಎಸ್‌ಎಸ್‌ಐಡಿಯನ್ನು ಡಬ್ಲ್ಯುಪಿಎ3ಕ್ಕೆ ಏರಿಸಿದ್ದೀರೇ ಎಂದು ನೋಡಿ. ಡಬ್ಲ್ಯುಪಿಎ3 ನಿರ್ವಹಣಾ ಚೌಕಟ್ಟುಗಳ (ಸಂಪರ್ಕವನ್ನು ನಿಯಂತ್ರಿಸುವ ಸಂದೇಶಗಳ) ರಕ್ಷಣೆಯನ್ನು ಕಡ್ಡಾಯ ಮಾಡುತ್ತದೆ, ಹಳೆಯ ಡ್ರೈವರ್‌ಗಳು ಅದನ್ನು ಅರಿಯುವುದಿಲ್ಲ. ಅವುಗಳಿಗೆ ಪ್ರತ್ಯೇಕ ಎಸ್‌ಎಸ್‌ಐಡಿಯನ್ನು ಸೀಮಿತ ವಿಲ್ಯಾನ್‌ನೊಡನೆ ಕೊಡುವುದು ಇಡೀ ಕಚೇರಿಯ ರಕ್ಷಣೆಯನ್ನು ಇಳಿಸುವುದಕ್ಕಿಂತ ಮೇಲು. ವೇಗದ ರೋಮಿಂಗ್‌ಗಾಗಿ 802.11ಆರ್ ಹಾಕಿದ ದಿನದಿಂದ ಕೆಲವು ಸಾಧನಗಳು ಹೊರಗುಳಿದಿದ್ದರೆ ಅಲ್ಲಿಯೂ ಡ್ರೈವರ್‌ನ ವಯಸ್ಸೇ ಕಾರಣ.

ಮ್ಯಾಕ್ ವಿಳಾಸದ ಪಟ್ಟಿಯಿಂದ ಒಳಬಿಟ್ಟ ಫೋನ್ ಅಥವಾ ಟ್ಯಾಬ್ಲೆಟ್ ಇದ್ದಕ್ಕಿದ್ದಂತೆ ನಿಂತರೆ, ಲಾಗ್‌ನಲ್ಲಿ ಅದರ ವಿಳಾಸದ ಎರಡನೆಯ ಅಕ್ಷರ ನೋಡಿ. ಅದು 2, 6, ಎ ಅಥವಾ ಇ ಆಗಿದ್ದರೆ ಸಾಧನ ತಾನೇ ಸೃಷ್ಟಿಸಿಕೊಂಡ ಯಾದೃಚ್ಛಿಕ ವಿಳಾಸ ಬಳಸುತ್ತಿದೆ; ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದ ಇದು ಸಹಜ ಸ್ಥಿತಿ.

ವಿಂಡೋಸ್ 11ರ 22ಎಚ್2 ಆವೃತ್ತಿಗೆ ಏರಿದ ಎಂಟರ್‌ಪ್ರೈಸ್ ಲ್ಯಾಪ್‌ಟಾಪ್‌ಗಳು ಪೀಪ್ ಲಾಗಿನ್‌ನಲ್ಲಿ ಮತ್ತೆ ಮತ್ತೆ ಪಾಸ್‌ವರ್ಡ್ ಕೇಳುತ್ತಿದ್ದರೆ, ಕಾರಣ ಆ ಆವೃತ್ತಿಯಲ್ಲಿ ತಾನಾಗಿಯೇ ಚಾಲೂ ಆಗುವ, ಲಾಗಿನ್ ರಹಸ್ಯಗಳನ್ನು ಕಾಯುವ ಕ್ರೆಡೆನ್ಶಿಯಲ್ ಗಾರ್ಡ್. ಅದನ್ನು ನಿಲ್ಲಿಸಲು ಹೇಳುವ ಸಲಹೆಗಳು ಸಾಕಷ್ಟು ಸಿಗುತ್ತವೆ. ಪೀಪ್‌ನೊಳಗಿನ ಪಾಸ್‌ವರ್ಡ್ ಪರಿಶೀಲನಾ ವಿಧಾನವಾದ ಎಂಎಸ್-ಚಾಪ್ ಆವೃತ್ತಿ 2ರ ಭದ್ರತೆ ಒಂದೇ 56 ಬಿಟ್ ಡಿಇಎಸ್ ಕೀಲಿಯನ್ನು ಹುಡುಕುವಷ್ಟಕ್ಕೆ ಇಳಿಯುತ್ತದೆಂದು 2012ರಲ್ಲಿಯೇ ಮಾಕ್ಸಿ ಮಾರ್ಲಿನ್‌ಸ್ಪೈಕ್ ಮತ್ತು ಡೇವಿಡ್ ಹಲ್ಟನ್ ಡೆಫ್‌ಕಾನ್ ಸಮ್ಮೇಳನದಲ್ಲಿ ತೋರಿಸಿದ್ದಾರೆ. ಆ ವಿಧಾನವನ್ನು ಉಳಿಸಲು ಲ್ಯಾಪ್‌ಟಾಪ್‌ನ ಇನ್ನೊಂದು ರಕ್ಷಣೆಯನ್ನು ಕೈಬಿಡಬೇಡಿ, ಸರ್ಟಿಫಿಕೇಟ್‌ಗೆ ಹೋಗಿ. ಸರ್ವರ್ ಸರ್ಟಿಫಿಕೇಟ್ ಪರಿಶೀಲಿಸದ ಪೀಪ್ ಸಾಧನವಂತೂ, ಅದೇ ಎಸ್‌ಎಸ್‌ಐಡಿ ಹೆಸರಿನ ನಕಲಿ ಆಕ್ಸೆಸ್ ಪಾಯಿಂಟ್ ಎದುರಾದ ಕೂಡಲೇ ಈ ಮಾತುಕತೆಯನ್ನು ಅದರ ಕೈಗೆ ಒಪ್ಪಿಸುತ್ತದೆ.

ದೋಷ ಸಿಕ್ಕ ಮೇಲೆ

ಪತ್ತೆಯ ಅವಧಿಯಲ್ಲಿ ಮಾಡಿದ ಪ್ರತಿ ಬದಲಾವಣೆಯನ್ನೂ, ಯಾವ ಉಪಕರಣದಲ್ಲಿ, ಎಷ್ಟು ಗಂಟೆಗೆ ಎಂಬುದರ ಸಮೇತ ಬರೆದಿಟ್ಟಿದ್ದರೆ ಹಿಂತೆಗೆಯುವುದು ಸುಲಭ. ಪರೀಕ್ಷೆಗಾಗಿ ತೆರೆದ ತಂತಿಯ ಪೋರ್ಟ್, ತಾತ್ಕಾಲಿಕವಾಗಿ ಸೇರಿಸಿದ ಮ್ಯಾಕ್ ವಿಳಾಸ, ಡೀಬಗ್ ಸ್ಥಿತಿಯಲ್ಲಿ ಬಿಟ್ಟ ರೇಡಿಯಸ್ ಸೇವೆ, ಸೆರೆಹಿಡಿದ ಪ್ಯಾಕೆಟ್‌ಗಳ ಕಡತ, ಇವು ನಾಲ್ಕೂ ಮರೆತುಹೋಗುವುದರಲ್ಲಿ ಮೊದಲಿನವು. ಪ್ಯಾಕೆಟ್ ಕಡತಗಳಲ್ಲಿ ಬಳಕೆದಾರರ ಹೆಸರುಗಳು ತೆರೆದ ರೂಪದಲ್ಲೇ ಇರುತ್ತವೆ, ಫ್ರೀರೇಡಿಯಸ್‌ನ ಡೀಬಗ್ ಸಾಲುಗಳಲ್ಲಿ ಕೆಲವೊಮ್ಮೆ ಪಾಸ್‌ವರ್ಡ್‌ಗಳೂ ಇರುತ್ತವೆ; ಕೆಲಸ ಮುಗಿದ ದಿನವೇ ಅವನ್ನು ಅಳಿಸಬೇಕು.

ಪರಿಹಾರ ಸರಿಯಾಗಿದೆಯೇ ಎಂದು ನೋಡಲು ಸೇರಬೇಕಾದ ಸಾಧನ ಸೇರಿತು ಎಂಬುದಷ್ಟೇ ಸಾಲದು. ಹುಬ್ಬಳ್ಳಿಯಲ್ಲಿ ಫೈರ್‌ವಾಲ್ ಸರಿಪಡಿಸಿದ ಸಂಜೆ ನಾವು ಇನ್ನೂ ಮೂರು ಪ್ರಯತ್ನಗಳನ್ನು ಮಾಡಿದೆವು: ರದ್ದುಪಡಿಸಿದ ಸರ್ಟಿಫಿಕೇಟ್ ಇರುವ ಲ್ಯಾಪ್‌ಟಾಪ್, ಬೇರೆ ಸಹಿದಾರರ ಸರ್ಟಿಫಿಕೇಟ್ ಇರುವ ಲ್ಯಾಪ್‌ಟಾಪ್, ಮತ್ತು ಅದೇ ಎಸ್‌ಎಸ್‌ಐಡಿ ಹೆಸರಿನಲ್ಲಿ ನಾವೇ ಎಬ್ಬಿಸಿದ ನಕಲಿ ಆಕ್ಸೆಸ್ ಪಾಯಿಂಟ್‌ನ ಎದುರು ಒಂದು ಒಳ್ಳೆಯ ಲ್ಯಾಪ್‌ಟಾಪ್. ಮೊದಲ ಎರಡನ್ನು ಸರ್ವರ್ 6273 ಬರೆದು ನಿರಾಕರಿಸಿತು. ಮೂರನೆಯದರಲ್ಲಿ ಲ್ಯಾಪ್‌ಟಾಪ್ ತಾನೇ ಹಿಂದೆ ಸರಿಯಿತು. ಅದಾದ ಮೇಲೆಯೇ ದೂರನ್ನು ಮುಚ್ಚಿದೆವು.